ಸೀಟು ಸಿಕ್ಕೀತೇ?

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನದಿಂದ ಕಾಲೇಜಿನ ಬಾಗಿಲು ತೆರೆಯುವ ದಿನದವರೆಗೆ ನಮ್ಮ ಮೈಸೂರಿನ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಸೀಟು ಸಿಕ್ಕೀತೇ?” ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. “ಖಂಡಿತ ಸಿಗುತ್ತದೆ, ಹೆದರಬೇಡ” ಎಂಬುದು ಒಂದು. ಇದು ಪ್ರೀತಿಯಿಂದ ಬಂದದ್ದು. “ನಮ್ಮಂಥವರಿಗೆ ಅಲ್ಲೆಲ್ಲ ಎಲ್ಲಿ ಸಿಗುತ್ತದೆ?” ಎಂಬುದು ಇನ್ನೊಂದು, ಇದು ಅಭ್ಯಾಸದಿಂದ ಬಂದದ್ದು. ಎರಡೂ ಉತ್ತರಗಳಲ್ಲಿ ಒಂದು ಸಮಾನ ಗುಣವಿದೆ. ಹೇಳಿದವರು ಯಾರೂ ಲೆಕ್ಕ ಹಾಕಿರುವುದಿಲ್ಲ.

ಮೊದಲನೆಯ ಉತ್ತರವನ್ನು ನಂಬಿದವನು ಒಂದೇ ಕಡೆಗೆ ಅರ್ಜಿ ಹಾಕಿ, ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿ, ಕೊನೆಗೆ ಒಂದು ವರ್ಷವನ್ನು ಕಳೆದುಕೊಳ್ಳುತ್ತಾನೆ. ಎರಡನೆಯದನ್ನು ನಂಬಿದವಳು ಅರ್ಜಿಯನ್ನೇ ಹಾಕುವುದಿಲ್ಲ. ತನಗಿಂತ ಕಡಮೆ ಅಂಕ ಪಡೆದವರು ಅಲ್ಲಿ ಓದುತ್ತಿರುವುದು ಮುಂದೆಂದೋ ತಿಳಿಯುತ್ತದೆ. ಈ ಎರಡು ನಷ್ಟಗಳಲ್ಲಿ ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಯಾರ ಲೆಕ್ಕದ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಆದ್ದರಿಂದ ಪ್ರವೇಶದ ಸಾಧ್ಯತೆಯನ್ನು ಅಳೆಯುವ ಬಗೆಯನ್ನು ಸ್ವಲ್ಪ ವಿಚಾರಮಾಡಿ ನೋಡುವುದು ಅನುಚಿತವಾಗಲಾರದು.

“ನಾವು ಕಲಾವಿಭಾಗದವರು, ನಮಗೇಕೆ ಈ ಗೊಡವೆ?” ಎಂದು ಮಿತ್ರರು ಕೇಳಬಹುದು. ಬಿ.ಎ. ಮುಗಿದ ಮೇಲೆ ಮಾನಸಗಂಗೋತ್ರಿಯ ಎಂ.ಎ. ತರಗತಿ, ಕಾನೂನು ಕಾಲೇಜು, ಬಿ.ಎಡ್., ಇವೆಲ್ಲಕ್ಕೂ ನಾವು ಸಾಲಿನಲ್ಲಿ ನಿಲ್ಲಬೇಕು. ಕಲಬುರಗಿಯದೂ ಸೇರಿ ಅನೇಕ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಇದಲ್ಲದೆ, ನಮ್ಮಲ್ಲಿ ಬಹುಮಂದಿ ಮನೆಗೆ ಮೊದಲ ಪದವೀಧರರಾಗುವವರು. ತಮ್ಮನೋ ತಂಗಿಯೋ ಸಿ.ಇ.ಟಿ. ಬರೆದಾಗ ಊರಿನವರು ಬಂದು ಕೇಳುವುದು ನಮ್ಮನ್ನೇ.

೧. ಸಾಲು ಮತ್ತು ಅದರ ನಿಯಮ

ಪ್ರವೇಶವೆಂದರೆ ಮೂಲತಃ ಒಂದು ಸಾಲು. ಸೀಟುಗಳು ಇಷ್ಟೆಂದು ಗೊತ್ತಾಗಿರುತ್ತದೆ. ಅಭ್ಯರ್ಥಿಗಳನ್ನು ಯಾವುದೋ ಒಂದು ನಿಯಮದಂತೆ ಸಾಲಾಗಿ ನಿಲ್ಲಿಸಲಾಗುತ್ತದೆ. ಸೀಟು ಮುಗಿಯುವವರೆಗೆ ಮುಂದಿನಿಂದ ಕರೆಯಲಾಗುತ್ತದೆ. ಹಾಗಿರುವಲ್ಲಿ “ನನಗೆ ಸಿಕ್ಕೀತೇ?” ಎಂಬ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ. ನಾನು ನಿಲ್ಲುವ ಸಾಲು ಯಾವುದು? ಅದರಲ್ಲಿ ನನ್ನ ಸ್ಥಾನವೆಷ್ಟನೆಯದು? ನನ್ನ ಮುಂದಿರುವವರಲ್ಲಿ ಎಷ್ಟು ಮಂದಿ ಬೇರೆಡೆಗೆ ಹೋಗುತ್ತಾರೆ? ಅಂಕವೊಂದನ್ನೇ ನೋಡಿ ಭವಿಷ್ಯ ನುಡಿಯುವವರು ಈ ಮೂರರಲ್ಲಿ ಎರಡನೆಯದನ್ನು ಮಾತ್ರ, ಅದೂ ಅರ್ಧವಾಗಿ, ಉತ್ತರಿಸುತ್ತಾರೆ.

ಸಾಲಿನ ನಿಯಮ ಆಕಾಶದಿಂದ ಇಳಿದದ್ದಲ್ಲ, ಮನುಷ್ಯರು ಮಾಡಿದ್ದು ಎಂಬುದಕ್ಕೆ ನಮ್ಮ ಮೈಸೂರಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಸರ್ಕಾರಿ ನೌಕರಿಯಲ್ಲಿ ಎಲ್ಲ ಸಮುದಾಯಗಳಿಗೂ ಸಾಕಷ್ಟು ಸ್ಥಾನ ದೊರಕಿಸುವ ಬಗೆಯನ್ನು ವಿಚಾರಿಸಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹಿಂದುಳಿದ ವರ್ಗಗಳ ಪ್ರಶ್ನೆಯನ್ನು ಸರ್ಕಾರದ ಮಟ್ಟದಲ್ಲಿ ಕ್ರಮವಾಗಿ ಪರಿಶೀಲಿಸಿದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ರಾಜ್ಯದ ಏಕೀಕರಣವಾದ ನಂತರ 1960ರಲ್ಲಿ ಡಾ. ನಾಗನಗೌಡರ ಸಮಿತಿ ನೇಮಕವಾಗಿ 1961ರಲ್ಲಿ ವರದಿಯಿತ್ತಿತು.

ಇದರ ಬೆನ್ನಿಗೆ 1962ರ ಜುಲೈ 31ರಂದು ಮೈಸೂರು ಸರ್ಕಾರ ಹೊರಡಿಸಿದ ಆಜ್ಞೆಯಂತೆ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸೀಟುಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ. 28, ಅತಿ ಹಿಂದುಳಿದ ವರ್ಗಗಳಿಗೆ ಶೇ. 22, ಪರಿಶಿಷ್ಟ ಜಾತಿಗಳಿಗೆ ಶೇ. 15, ಪರಿಶಿಷ್ಟ ಪಂಗಡಗಳಿಗೆ ಶೇ. 3, ಒಟ್ಟು ಶೇ. 68 ಮೀಸಲಾಯಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ 28ರಂದು, ಸುಪ್ರೀಂ ಕೋರ್ಟು ಎಂ. ಆರ್. ಬಾಲಾಜಿ ಮೊಕದ್ದಮೆಯಲ್ಲಿ ಆ ಆಜ್ಞೆಯನ್ನು ತಳ್ಳಿಹಾಕಿತು. ಹಿಂದುಳಿದಿರುವಿಕೆಯನ್ನು ಜಾತಿಯೊಂದರಿಂದಲೇ ಅಳೆಯಬಾರದು, ಮೀಸಲು ಸ್ಥೂಲವಾಗಿ ಶೇ. 50ರೊಳಗಿರಬೇಕು ಎಂಬುದು ತೀರ್ಪಿನ ಸಾರ. ಮರುವರ್ಷ ಸರ್ಕಾರ ಬೇರೊಂದು ಕ್ರಮವನ್ನು ತಂದಿತು. ಅದರಲ್ಲಿ ವರ್ಷಕ್ಕೆ 1,200 ರೂಪಾಯಿಗಿಂತ ಕಡಮೆ ಆದಾಯದ, ಬೇಸಾಯ, ಸಣ್ಣ ವ್ಯಾಪಾರ, ಕೈಕಸಬು, ಕೂಲಿ ಮುಂತಾದ ವೃತ್ತಿಗಳ ಕುಟುಂಬದವರು ಹಿಂದುಳಿದವರೆನಿಸಿದರು, ಅವರಿಗೆ ಶೇ. 30 ದೊರೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಂದೇ ಅಂಕ ಪಡೆದ ಒಬ್ಬನೇ ವಿದ್ಯಾರ್ಥಿಯ ಸಾಧ್ಯತೆ 1962ರ ಆಗಸ್ಟಿನಲ್ಲಿ ಒಂದು, ಅಕ್ಟೋಬರಿನಲ್ಲಿ ಮತ್ತೊಂದು, 1963ರಲ್ಲಿ ಇನ್ನೊಂದು. ಅವನ ಬುದ್ಧಿ ಬದಲಾಗಲಿಲ್ಲ, ಸಾಲು ಬದಲಾಯಿತು. ಆದ್ದರಿಂದ ಆಯಾ ವರ್ಷದ ಸರ್ಕಾರಿ ಆಜ್ಞೆಯನ್ನು ಓದದೆ ಲೆಕ್ಕ ಆರಂಭಿಸುವುದು ತಳವಿಲ್ಲದ ಕೊಳಗದಲ್ಲಿ ಭತ್ತ ಅಳೆದಂತೆ. ಸಿ.ಇ.ಟಿ.ಯಲ್ಲಿ ಪ್ರವರ್ಗಗಳಲ್ಲದೆ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಪಾಲುಂಟು. ನಂಜನಗೂಡಿನ ಆಚೆಯ ಹಳ್ಳಿಯಿಂದ ಬಂದ ಎಷ್ಟೋ ಮಂದಿ ತಮಗೆ ಸಲ್ಲಬೇಕಾದ ಸಾಲಿನಲ್ಲಿ ನಿಲ್ಲದೆ ಹೋಗುವುದು ಅಂಕದ ಕೊರತೆಯಿಂದಲ್ಲ, ಪ್ರಮಾಣಪತ್ರವೊಂದರ ಕೊರತೆಯಿಂದ. ಸಾಧ್ಯತೆಯನ್ನು ಹೆಚ್ಚಿಸುವ ಉಪಾಯಗಳಲ್ಲಿ ಇದಕ್ಕಿಂತ ಅಗ್ಗವಾದದ್ದಿಲ್ಲ: ಶಾಲೆಯಿಂದ, ತಾಲ್ಲೂಕು ಕಚೇರಿಯಿಂದ ಪಡೆಯಬೇಕಾದ ಕಾಗದಗಳನ್ನು ಮೊದಲೇ ಪಡೆದಿಡುವುದು.

ಹಣವೂ ಒಂದು ಕಾಲದಲ್ಲಿ ಸಾಲಿನ ನಿಯಮವಾಗಿತ್ತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕರ್ನಾಟಕ ಕಾಯಿದೆ ಬಂದದ್ದು 1984ರಲ್ಲಿ. ಆ ಕಾಯಿದೆಯ ಅಡಿಯಲ್ಲಿಯೇ 1989ರಲ್ಲಿ ಹೊರಟ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತ್ತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ಖಂಡಿಸಿತು. 1993ರ ಉನ್ನಿಕೃಷ್ಣನ್ ತೀರ್ಪು ಬೇರೆ ವ್ಯವಸ್ಥೆಯನ್ನು ಸೂಚಿಸಿತು. 1994ರಲ್ಲಿ ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾಯಿತು. ಅಂದಿನಿಂದ ಸಾಲು ಬಹುಮಟ್ಟಿಗೆ ಬಹಿರಂಗವಾಯಿತು. ಬಹಿರಂಗವಾದುದರಿಂದಲೇ ಅದನ್ನು ಲೆಕ್ಕ ಹಾಕಲು ಸಾಧ್ಯವಾಗಿದೆ.

೨. ತೂಕವೂ ಹರವೂ

ಈಗ ಎರಡನೆಯ ಪ್ರಶ್ನೆಗೆ ಬರೋಣ. 1963ರಲ್ಲಿ ಮೈಸೂರು ರಾಜ್ಯದ ವೃತ್ತಿಶಿಕ್ಷಣ ಕಾಲೇಜುಗಳ ಆಯ್ಕೆಗೆ ಸಂದರ್ಶನವೂ ಇದ್ದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಸಂದರ್ಶನಕ್ಕೆ ಮೀಸಲು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಚರ್ಚೆ, ನಾಟಕ ಮುಂತಾದವನ್ನು ಅಲ್ಲಿ ಪರಿಗಣಿಸುತ್ತಿದ್ದರು. ಚಿತ್ರಲೇಖಾ ಮೊಕದ್ದಮೆಯಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯನ್ನು ಎತ್ತಿಹಿಡಿಯಿತು. ಇದನ್ನೇ ಒಂದು ಪಾಠವಾಗಿ ತೆಗೆದುಕೊಳ್ಳಬಹುದು.

ಐಚ್ಛಿಕ ವಿಷಯಗಳಿಗೆ 300, ಸಂದರ್ಶನಕ್ಕೆ 75, ಒಟ್ಟು 375 ಎಂದಿಟ್ಟುಕೊಳ್ಳೋಣ. ಸಂದರ್ಶನದ ಪಾಲು ಐದರಲ್ಲೊಂದು. ಅಷ್ಟಕ್ಕೇಕೆ ಅಂಜಿಕೆ ಎನ್ನಿಸುತ್ತದೆ. ಆದರೆ ನಿಜವಾಗಿ ಪೈಪೋಟಿಯಲ್ಲಿರುವವರ ಐಚ್ಛಿಕ ಅಂಕಗಳು 220ರಿಂದ 250ರೊಳಗೆ ಒತ್ತಾಗಿ ನಿಂತಿವೆ, ಸಂದರ್ಶನದ ಅಂಕಗಳು ಮಾತ್ರ 20ರಿಂದ 65ರವರೆಗೆ ಚದುರಿವೆ ಎನ್ನೋಣ. ಆಗ ಪರೀಕ್ಷೆ ಮಾಡುವ ವ್ಯತ್ಯಾಸ ಹೆಚ್ಚೆಂದರೆ 30. ಸಂದರ್ಶನ ಮಾಡುವ ವ್ಯತ್ಯಾಸ 45. ಕಾಗದದ ಮೇಲೆ ಐದರಲ್ಲೊಂದಾದುದು ಕಾರ್ಯತಃ ಅರ್ಧಕ್ಕಿಂತ ಹೆಚ್ಚಾಯಿತು. ಯಾವುದೇ ಪರೀಕ್ಷೆಯ ಪ್ರಭಾವವನ್ನು ನಿರ್ಣಯಿಸುವುದು ಅದರ ಗರಿಷ್ಠ ಅಂಕವಲ್ಲ, ಅದರ ಅಂಕಗಳ ಹರವು. ಸಂದರ್ಶನಕ್ಕೆ ಮೂರರಲ್ಲೊಂದು ಭಾಗವನ್ನು ಕೊಟ್ಟಿದ್ದ ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿಷಯದಲ್ಲಿ, ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, ಶೇ. 15ಕ್ಕಿಂತ ಹೆಚ್ಚು ಕೊಡುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟದ್ದು ಇಲ್ಲಿ ಸ್ಮರಣೀಯ.

ಇದೇ ತತ್ತ್ವ ಇಂದಿನ ಸಿ.ಇ.ಟಿ.ಗೂ ಅನ್ವಯಿಸುತ್ತದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿ.ಯು. ಪರೀಕ್ಷೆಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ, ಸಿ.ಇ.ಟಿ. ಅಂಕಗಳು ಅರ್ಧ. ಒಬ್ಬಳು ಪಿ.ಯು.ದಲ್ಲಿ ಶೇ. 95, ಸಿ.ಇ.ಟಿ.ಯಲ್ಲಿ ಶೇ. 60 ಪಡೆದರೆ ಸರಾಸರಿ 77.5. ಇನ್ನೊಬ್ಬಳು ಕ್ರಮವಾಗಿ 88, 70 ಪಡೆದರೆ ಸರಾಸರಿ 79. ಮನೆಯಲ್ಲಿ ಸಿಹಿ ಹಂಚಿದ್ದು ಮೊದಲನೆಯವಳ ಅಂಕಕ್ಕೆ. ಸಾಲಿನಲ್ಲಿ ಮುಂದೆ ನಿಂತದ್ದು ಎರಡನೆಯವಳು. ಒಂದು ಪರೀಕ್ಷೆಯಲ್ಲಿ ಎಲ್ಲರೂ ತೊಂಬತ್ತರ ಆಸುಪಾಸಿನಲ್ಲಿದ್ದರೆ, ಸ್ಥಾನವನ್ನು ತೀರ್ಮಾನಿಸುವುದು ಮತ್ತೊಂದು ಪರೀಕ್ಷೆಯೇ. ಎಂ.ಎ. ಪ್ರವೇಶಕ್ಕೆ ಸಿದ್ಧರಾಗುವವರೂ ತಮ್ಮ ಶ್ರಮವನ್ನು ಎಲ್ಲಿ ಹೂಡಬೇಕೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

೩. ಕಳೆದ ವರ್ಷದ ಗೆರೆ

ಸೀಟುಗಳ ಸಂಖ್ಯೆಯನ್ನು ಅರ್ಜಿಗಳ ಸಂಖ್ಯೆಯಿಂದ ಭಾಗಿಸಿ “ನೂರಕ್ಕೆ ಎರಡು ಸಾಧ್ಯತೆ” ಎನ್ನುವ ರೂಢಿಯುಂಟು. ಚೀಟಿ ಎತ್ತಿ ಸೀಟು ಕೊಡುವುದಾದರೆ ಆ ಭಾಗಾಕಾರ ಸರಿ. ಸಾಲಿನ ಮುಂದಿರುವವನಿಗೆ ಸಾಧ್ಯತೆ ನೂರಕ್ಕೆ ನೂರು, ಹಿಂದಿರುವವನಿಗೆ ಸೊನ್ನೆ. ಸರಾಸರಿ ಇಬ್ಬರಿಗೂ ಉಪಯೋಗವಿಲ್ಲ. ಅಲ್ಲದೆ ಒಬ್ಬನೇ ಹತ್ತು ಕಡೆ ಅರ್ಜಿ ಹಾಕುವುದರಿಂದ ಅರ್ಜಿಗಳ ರಾಶಿ ದೊಡ್ಡದಾಗಿ ಕಾಣುತ್ತದೆ. ತಲೆಗಳ ಸಂಖ್ಯೆ ಅಷ್ಟಿರುವುದಿಲ್ಲ.

ಇದಕ್ಕಿಂತ ಉತ್ತಮ ಮಾರ್ಗವೆಂದರೆ ಹಿಂದಿನ ವರ್ಷಗಳಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಮುಗಿಯಿತೆಂಬುದನ್ನು ನೋಡುವುದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಇದನ್ನು ಕಾಲೇಜುವಾರು, ಪ್ರವರ್ಗವಾರು ಪ್ರಕಟಿಸುತ್ತದೆ. ಜಿ.ಎಂ. ಎಂಬುದು ಸಾಮಾನ್ಯ, ಜಿ.ಎಂ.ಕೆ. ಎಂಬುದು ಅದರಲ್ಲಿ ಕನ್ನಡ ಮಾಧ್ಯಮ, ಜಿ.ಎಂ.ಆರ್. ಎಂಬುದು ಗ್ರಾಮಾಂತರ. ತನ್ನದಲ್ಲದ ಕಂಬಸಾಲನ್ನು ನೋಡಿ ನಿರಾಶರಾದವರೂ ಉಂಟು, ಹಿಗ್ಗಿದವರೂ ಉಂಟು.

ಒಂದು ಕಲ್ಪಿತ ಉದಾಹರಣೆ: ಒಂದು ಕಾಲೇಜಿನಲ್ಲಿ ಐದು ವರ್ಷಗಳ ಕೊನೆಯ ರ‍್ಯಾಂಕುಗಳು ಕ್ರಮವಾಗಿ 1,820, 2,140, 1,960, 2,310, 2,050. ನಮ್ಮ ಅಭ್ಯರ್ಥಿಯ ರ‍್ಯಾಂಕ್ 2,000. ಕಳೆದ ವರ್ಷದ ಗೆರೆಯನ್ನು ಮಾತ್ರ ನೋಡಿದರೆ “ಸಿಕ್ಕೇ ಸಿಗುತ್ತದೆ.” ಐದನ್ನೂ ನೋಡಿದರೆ ಮೂರು ವರ್ಷ ಸಿಗುತ್ತಿತ್ತು, ಎರಡು ವರ್ಷ ಸಿಗುತ್ತಿರಲಿಲ್ಲ. ಆದ್ದರಿಂದ ಸಾಧ್ಯತೆ ಸುಮಾರು ಐದರಲ್ಲಿ ಮೂರು. ರ‍್ಯಾಂಕ್ 1,700 ಆಗಿದ್ದರೆ ನಿಶ್ಚಿಂತೆಯಿಂದಿರಬಹುದು. 2,600 ಆಗಿದ್ದರೆ ಆಸೆಯಿಟ್ಟುಕೊಳ್ಳಬಹುದು, ಆಧಾರವಾಗಿಟ್ಟುಕೊಳ್ಳಬಾರದು. ಗೆರೆಯೆಂಬುದು ಗೋಡೆಯಲ್ಲ; ಹೊಳೆಯ ದಡದಂತೆ ವರ್ಷ ವರ್ಷಕ್ಕೂ ಅತ್ತಿತ್ತ ಸರಿಯುತ್ತದೆ.

ಸರಿಯುವುದಕ್ಕೆ ಕಾರಣಗಳನ್ನೂ ವಿಚಾರಿಸಬೇಕು. ಸೀಟುಗಳು ಹೆಚ್ಚಿದುವೇ? ಹೊಸ ಕಾಲೇಜು ಬಂದಿತೇ? ಶುಲ್ಕ ಏರಿತೇ? ನಿಯಮ ಬದಲಾಯಿತೇ? 2021ರಲ್ಲಿ ಸೋಂಕಿನ ಹಾವಳಿಯಿಂದ ದ್ವಿತೀಯ ಪಿ.ಯು. ಪರೀಕ್ಷೆ ನಡೆಯದೆ, ಸಿ.ಇ.ಟಿ. ಅಂಕಗಳಿಂದಲೇ ರ‍್ಯಾಂಕ್ ಕೊಟ್ಟರು. ಆ ವರ್ಷದ ಪಟ್ಟಿಯನ್ನು ಉಳಿದ ವರ್ಷಗಳ ಜೊತೆಗೆ ಕಣ್ಣುಮುಚ್ಚಿ ಸೇರಿಸಬಾರದು. ಹಂಚಿಕೆಗೆ ಮೊದಲು ಪ್ರಾಧಿಕಾರವು ಪ್ರಕಟಿಸುವ ಅಣಕು ಹಂಚಿಕೆಯಂತೂ ಆಯಾ ವರ್ಷದ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದನ್ನೇ ತೋರಿಸಿಕೊಡುತ್ತದೆ.

೪. ಅನೇಕ ಅರ್ಜಿಗಳ ಭ್ರಮೆ

“ಹತ್ತು ಕಡೆ ಹಾಕಿದರೆ ಒಂದಾದರೂ ಸಿಗುತ್ತದೆ” ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಐದು ಕಾಲೇಜುಗಳಲ್ಲಿ ತಲಾ ಐದರಲ್ಲೊಂದು ಸಾಧ್ಯತೆಯಿದೆ, ಪ್ರತಿಯೊಂದೂ ಬೇರೆ ಬೇರೆ ಪರೀಕ್ಷೆಯಿಂದ ಆಯ್ಕೆಮಾಡುತ್ತದೆ, ಒಂದರ ಫಲಿತಾಂಶಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎನ್ನೋಣ. ಎಲ್ಲಿಯೂ ಸಿಗದಿರುವ ಸಾಧ್ಯತೆ ಐದರಲ್ಲಿ ನಾಲ್ಕನ್ನು ಐದು ಬಾರಿ ಗುಣಿಸಿದಷ್ಟು, ಎಂದರೆ ನೂರಕ್ಕೆ ಸುಮಾರು 33. ಒಂದಾದರೂ ಸಿಗುವ ಸಾಧ್ಯತೆ ಸುಮಾರು 67. ಇದು ಉಪೇಕ್ಷಿಸುವ ಸಂಖ್ಯೆಯಲ್ಲ.

ಆದರೆ ಐದು ಕಾಲೇಜುಗಳೂ ಒಂದೇ ರ‍್ಯಾಂಕ್ ಪಟ್ಟಿಯನ್ನು ಬಳಸಿದರೆ ಈ ಗುಣಾಕಾರ ಮುರಿದುಬೀಳುತ್ತದೆ. ಅಂದು ಜ್ವರ ಬಂದು ಪರೀಕ್ಷೆ ಕೆಟ್ಟರೆ ಐದೂ ಒಟ್ಟಿಗೆ ಕೈಬಿಡುತ್ತವೆ. ಒಂದೇ ಮಟ್ಟದ ಐದು ಕಾಲೇಜುಗಳ ಹೆಸರು ಬರೆಯುವುದು ಐದು ಅವಕಾಶವಲ್ಲ, ಒಂದೇ ಅವಕಾಶವನ್ನು ಐದು ಸಲ ಬರೆದದ್ದು. ಆದ್ದರಿಂದ ಪಟ್ಟಿಯಲ್ಲಿ ಮೂರು ಬಗೆಯವಿರಬೇಕು: ಸ್ವಲ್ಪ ಎತ್ತರದವು, ನಮ್ಮ ಮಟ್ಟದವು, ಮತ್ತು ಬಹುಮಟ್ಟಿಗೆ ನಿಶ್ಚಿತವಾದವು. ಮೂರನೆಯ ಬಗೆಯದನ್ನು ಬರೆಯುವಾಗ “ಇಲ್ಲಿ ಸಿಕ್ಕರೆ ಸಂತೋಷದಿಂದ ಓದುವೆನೇ? ಮನೆಯವರು ಈ ಶುಲ್ಕ, ಈ ಹಾಸ್ಟೆಲು ಖರ್ಚು ಹೊರಬಲ್ಲರೇ?” ಎಂದು ಕೇಳಿಕೊಳ್ಳಬೇಕು. ಹೋಗಲಾಗದ ಕಾಲೇಜಿನ ಸೀಟು ಸೀಟಲ್ಲ.

೫. ಇಷ್ಟದ ಕ್ರಮ

ಬಾಲಾಜಿ ತೀರ್ಪು ಬಂದ 1962ರಲ್ಲಿಯೇ ಅಮೆರಿಕದ ಗಣಿತ ಮಾಸಪತ್ರಿಕೆಯೊಂದರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ವಿದ್ವಾಂಸರು ಕಾಲೇಜು ಪ್ರವೇಶದ ಮೇಲೆ ಚಿಕ್ಕದೊಂದು ಲೇಖನ ಬರೆದರು. ವಿದ್ಯಾರ್ಥಿಗಳ ಇಷ್ಟವನ್ನೂ ಕಾಲೇಜುಗಳ ಆಯ್ಕೆಯನ್ನೂ ತಕರಾರಿಲ್ಲದಂತೆ ಹೊಂದಿಸುವುದು ಹೇಗೆಂಬುದು ಅವರ ಪ್ರಶ್ನೆ. ಅದರಿಂದ ಬೆಳೆದ ಶಾಸ್ತ್ರಕ್ಕಾಗಿ ಶೇಪ್ಲಿ ಹಾಗೂ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಶಾಸ್ತ್ರದಿಂದ ನಮಗೆ ದೊರೆಯುವ ಒಂದು ಬುದ್ಧಿವಾದ ಹೀಗಿದೆ: ಹಂಚಿಕೆಯ ಕ್ರಮ ಸರಿಯಾಗಿದ್ದರೆ, ಮನಸ್ಸಿನಲ್ಲಿದ್ದುದನ್ನು ಇದ್ದಂತೆಯೇ ಬರೆಯುವುದರಿಂದ ನಷ್ಟವಿಲ್ಲ.

ಸಿ.ಇ.ಟಿ. ಹಂಚಿಕೆಯಲ್ಲಿ ರ‍್ಯಾಂಕಿನ ಕ್ರಮದಂತೆ ಒಬ್ಬೊಬ್ಬರ ಪಟ್ಟಿಯನ್ನು ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ನೋಡುತ್ತ, ಉಳಿದಿರುವ ಮೊದಲ ಸೀಟನ್ನು ಕೊಡುತ್ತಾರೆ. ಎತ್ತರದ ಕಾಲೇಜನ್ನು ಮೊದಲು ಬರೆದುದಕ್ಕಾಗಿ ಕೆಳಗಿನ ಕಾಲೇಜು ಕೈತಪ್ಪುವುದಿಲ್ಲ. ಆದರೂ ಎಷ್ಟೋ ಮಂದಿ “ಸಿಗುವುದನ್ನು ಮೊದಲು ಬರೆಯೋಣ” ಎಂದು ಸುಲಭವಾದುದನ್ನು ತಲೆಗೆ ಏರಿಸುತ್ತಾರೆ. ಅವರಿಗೆ ಸಿಗುವುದು ಅದೇ. ಅದಕ್ಕಿಂತ ಉತ್ತಮವಾದುದು ಉಳಿದಿದ್ದರೂ ಯಂತ್ರವು ಆ ಸಾಲಿಗೆ ಇಳಿಯುವುದೇ ಇಲ್ಲ. ಸಾಧ್ಯತೆಯ ಲೆಕ್ಕ ಬೇಕಾಗುವುದು ಪಟ್ಟಿ ಎಷ್ಟು ಆಳಕ್ಕೆ ಇಳಿಯಬೇಕೆಂದು ತಿಳಿಯಲು; ಯಾವುದು ಮೊದಲು ಎಂಬುದನ್ನು ಇಷ್ಟವೇ ನಿರ್ಣಯಿಸಬೇಕು. ಸೀಟು ಬಂದ ಮೇಲೂ, ಶುಲ್ಕ ಕಟ್ಟಿ ಆ ಸೀಟನ್ನು ಹಿಡಿದುಕೊಂಡೇ ಮೇಲಿನ ಆಯ್ಕೆಗಳಿಗಾಗಿ ಮುಂದಿನ ಸುತ್ತಿಗೆ ಕಾಯುವ ಅವಕಾಶವೊಂದಿದೆ. ಬಂದುದನ್ನು ಬಿಟ್ಟು ಕಾಯುವ ಅವಕಾಶ ಬೇರೊಂದಿದೆ. ಇವೆರಡರ ಭೇದ ತಿಳಿಯದೆ ಗುಂಡಿ ಒತ್ತುವುದು ಅಪಾಯಕರ. ತಾವೇ ಪ್ರತ್ಯೇಕವಾಗಿ ಆರಿಸಿಕೊಂಡು ನಿಗದಿತ ದಿನದೊಳಗೆ ಹಣ ಕಟ್ಟಿಸಿಕೊಳ್ಳುವ ಕಾಲೇಜುಗಳಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ಅಲ್ಲಿ ದಿನಾಂಕಗಳನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು.

೬. ಲೆಕ್ಕ ಯಾರ ಕೈಯಲ್ಲಿದೆ?

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದ ಮಾತೊಂದು ಉಳಿಯುತ್ತದೆ. ಈ ಲೆಕ್ಕ ಕಷ್ಟದ್ದಲ್ಲ. ಎಂಟನೆಯ ತರಗತಿಯ ಗಣಿತ ಸಾಕು. ಕಷ್ಟವಿರುವುದು ಮಾಹಿತಿ ದೊರಕಿಸುವುದರಲ್ಲಿ. ಅಣ್ಣ ವೈದ್ಯ, ಚಿಕ್ಕಪ್ಪ ಪ್ರಾಧ್ಯಾಪಕ ಆಗಿರುವ ಮನೆಯಲ್ಲಿ ಊಟದ ಹೊತ್ತಿನ ಮಾತುಗಳಲ್ಲಿಯೇ ಇದೆಲ್ಲ ತಿಳಿದುಹೋಗುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನಿಂದ ಮುಂಜಾನೆಯ ಬಸ್ಸಿಗೆ ಬರುವ ಹುಡುಗಿಗೆ ಹೇಳುವವರಾರು? ಅವಳಿಗೆ ಮನೆಯವರು ಕೊಟ್ಟಿರುವುದು ಬಹುಶಃ ಒಂದೇ ವರ್ಷದ ಅವಕಾಶ. “ಈ ಸಲ ಆಗದಿದ್ದರೆ ಮದುವೆ” ಎಂಬ ಮಾತು ಬಾಗಿಲ ಹಿಂದೆ ಕಾದಿರುತ್ತದೆ. ಅವಳ ಅಜ್ಞಾನದ ಬೆಲೆ ಒಂದು ಸೀಟಿನ ಬೆಲೆಯಷ್ಟೇ ಅಲ್ಲ.

ಇನ್ನು ಕೇಳಿ ತಿಳಿಯೋಣವೆಂದರೆ, ನಮಗೆ ಸಿಗುವವರು ಸೀಟು ಪಡೆದವರೇ. ಸಿಗದವರು ಕಾಲೇಜಿಗೆ ಬಂದು ಭಾಷಣ ಮಾಡುವುದಿಲ್ಲ. ಗೆದ್ದವರನ್ನಷ್ಟೇ ಕೇಳಿದರೆ ಎಲ್ಲ ದಾರಿಗಳೂ ಸುಗಮವಾಗಿ ಕಾಣುತ್ತವೆ. ಆದ್ದರಿಂದ ಅಧ್ಯಾಪಕರಲ್ಲಿಯೂ ಮಿತ್ರರಲ್ಲಿಯೂ ಒಂದು ಸೂಚನೆಯನ್ನು ವಿನಯದಿಂದ ಮುಂದಿಡಬಹುದು. ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಒಂದು ದಪ್ಪ ನೋಟ್‌ಬುಕ್ಕು ಇರಲಿ. ಪ್ರತಿ ವರ್ಷ ಹೊರಹೋಗುವವರು ಹೆಸರಿಲ್ಲದೆ ಐದು ಸಂಗತಿಗಳನ್ನು ಬರೆದಿಡಲಿ: ಪದವಿಯ ಅಂಕ, ಪ್ರವೇಶ ಪರೀಕ್ಷೆಯ ಅಂಕ, ನಿಂತ ಪ್ರವರ್ಗ, ಅರ್ಜಿ ಹಾಕಿದ ಕಡೆಗಳು, ಸಿಕ್ಕಿತೇ ಇಲ್ಲವೇ. ಸಿಗದವರು ಮರೆಯದೆ ಬರೆಯಲಿ. ಲೆಕ್ಕಕ್ಕೆ ಅವರ ಸಾಲುಗಳೇ ಹೆಚ್ಚು ಬೆಲೆಯುಳ್ಳವು. ಐದು ವರ್ಷಗಳಲ್ಲಿ ಆ ಪುಸ್ತಕ ಯಾವ ಮಾರ್ಗದರ್ಶಿಯೂ ಕೊಡಲಾರದ ತಿಳಿವಳಿಕೆಯನ್ನು ಕೊಡುತ್ತದೆ. ಅದಕ್ಕೆ ತಗಲುವ ಖರ್ಚು ನೂರು ರೂಪಾಯಿ ದಾಟಲಾರದು.

ಸಾಧ್ಯತೆಯೆಂಬುದು ಯೋಗ್ಯತೆಯ ತೀರ್ಪಲ್ಲ. ಸೀಟು ನೂರಿದ್ದರೆ ನೂರೊಂದನೆಯವನು ಹೊರಗುಳಿಯುತ್ತಾನೆ. ನೂರನೆಯವನಿಗೂ ಅವನಿಗೂ ನಡುವಣ ಅಂತರ ಒಂದು ಅಂಕದ ಒಂದು ತುಣುಕು. ಐದರಲ್ಲಿ ಮೂರು ಎಂಬ ಲೆಕ್ಕದ ಅರ್ಥ, ಸರಿಯಾಗಿ ನಡೆದುಕೊಂಡ ಐವರಲ್ಲಿ ಇಬ್ಬರಿಗೆ ಸಿಗುವುದಿಲ್ಲವೆಂದೇ. ಆ ಇಬ್ಬರು ತಪ್ಪು ಮಾಡಿದವರಲ್ಲ. ಅವರ ಕೈಯಲ್ಲಿ ಎರಡನೆಯ ದಾರಿಯೊಂದು ಮೊದಲೇ ಸಿದ್ಧವಾಗಿದ್ದರೆ ಲೆಕ್ಕ ತನ್ನ ಕೆಲಸವನ್ನು ಮಾಡಿತೆಂದು ತಿಳಿಯಬೇಕು. ಮುಂದಿನ ಬೇಸಿಗೆಯಲ್ಲಿ ಯಾರಾದರೂ ಬಂದು “ಸೀಟು ಸಿಕ್ಕೀತೇ?” ಎಂದು ಕೇಳಿದಾಗ, ನಾವು ಧೈರ್ಯವನ್ನೂ ಹೇಳದೆ ಅಧೈರ್ಯವನ್ನೂ ಹೇಳದೆ, “ಕುಳಿತುಕೋ, ಕಾಗದ ಪೆನ್ಸಿಲು ತೆಗೆ” ಎನ್ನುವಂತಾದರೆ ಅಷ್ಟು ಸಾಕು.